ಪಡಸಾಲೆಯ ಮಾತು: ನಾಲ್ಕನೆಯ ಫೈಲು

ಬಾಡಿಗೆ ಮನೆಗಳ ಅಟ್ಟದ ಮೇಲೆ ಏನೇನಿರುತ್ತದೆಂಬುದನ್ನು ಮುಂದೆಂದಾದರೂ ಬರೆಯುತ್ತೇವೆಂದು ಹಿಂದೊಮ್ಮೆ ಈ ಪುಟದಲ್ಲಿ ವಾಚಕರಿಗೆ ಮಾತು ಕೊಟ್ಟಿದ್ದೆವು. ಗುಮಾಸ್ತರ ಮಾತು, 'ಮುಂದೆಂದಾದರೂ' ಎಂಬುದಕ್ಕೆ ನಮ್ಮ ಕಚೇರಿಯಲ್ಲಿ ಬೇರೆಯೇ ಅರ್ಥವುಂಟು. ಆದರೆ ಈ ಸಲದ ದೀಪಾವಳಿಗೆ ಮನೆ ಜಾಡಿಸುವಾಗ ನಮ್ಮ ಮನೆಯವರು ನಮ್ಮನ್ನು ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿದ್ದರಿಂದ ಆ ಮಾತು ಇಷ್ಟು ಬೇಗ ನಡೆಸಿಕೊಡುವಂತಾಯಿತು. (ನಾವು ಎಂದರೆ ಇಲ್ಲಿ ಒಬ್ಬರೇ. ಅಂಕಣ ಬರೆಯುವವನಿಗೆ ಬಹುವಚನವೊಂದನ್ನು ಬಿಟ್ಟರೆ ಬೇರೆ ಸಂಭಾವನೆ ಇಲ್ಲ.)

ಅಟ್ಟದಿಂದ ಇಳಿದದ್ದು ಒಂದು ಬಿಸ್ಕೀಟಿನ ತಗಡಿನ ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕಾಯಿತು. ಒಳಗೆ ಮೂರೂವರೆ ಇಂಚಿನ ಫ್ಲಾಪಿಗಳು ಹನ್ನೊಂದು. ಕಂದು ಬಣ್ಣದ ಲಕೋಟೆಯೊಂದರಲ್ಲಿ ಅದಕ್ಕೂ ಹಳೆಯ ಕಾಲದ, ಹಪ್ಪಳದಂತೆ ಬಾಗುವ ಐದೂಕಾಲು ಇಂಚಿನವು ಇನ್ನೆರಡು. ಎಲ್ಲದರ ಮೇಲೂ ನಮ್ಮ ತಂದೆಯವರ ಅಕ್ಷರ.

"ಇವನ್ನ ರದ್ದಿಯವನೂ ತೊಗೊಳ್ಳೂದಿಲ್ರೀ" ಎಂದರು ನಮ್ಮ ಮನೆಯವರು. ರದ್ದಿಯವನ ವಿವೇಕದಲ್ಲಿ ನಮಗೆ ನಂಬಿಕೆಯುಂಟು. ಆದರೂ ಡಬ್ಬಿಯನ್ನು ನಮ್ಮ ಮೇಜಿನ ಕೆಳಗೆ ಸರಿಸಿದೆವು. ಅದರಲ್ಲಿ ನಮ್ಮದೊಂದು ಹಳೆಯ ಲೆಕ್ಕ ಬಾಕಿ ಇತ್ತು.

ಫ್ಲಾಪಿಯೆಂದರೇನೆಂದು ಕೇಳುವ ವಯಸ್ಸಿನ ವಾಚಕರೂ ನಮ್ಮ ಪತ್ರಿಕೆಗೆ ಇದ್ದಾರೆ. ಅವರಿಗಾಗಿ ಎರಡು ಮಾತು. ಚೌಕನೆಯ ಕವಚದೊಳಗೆ ಕ್ಯಾಸೆಟ್ಟಿನ ಟೇಪಿನಂಥದೇ ಲೇಪನದ ಒಂದು ತೆಳು ಬಿಲ್ಲೆ. ಅದು ತಿರುಗುವಾಗ ಯಂತ್ರ ಅದರ ಮೇಲೆ ಬರೆಯುತ್ತದೆ, ಓದುತ್ತದೆ. ಮೂರೂವರೆ ಇಂಚಿನದರಲ್ಲಿ ೧.೪೪ ಮೆಗಾಬೈಟು ಹಿಡಿಯುತ್ತಿತ್ತು. ಇಂದು ಫೋನಿನಲ್ಲಿ ತೆಗೆದ ಒಂದೇ ಒಂದು ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ನಮ್ಮ ಮಗಳ ಹುಟ್ಟುಹಬ್ಬದ ಕೇಕು ಅರ್ಧ ಒಳಗೆ, ಅರ್ಧ ಹೊರಗೆ ಉಳಿದೀತು. ಆದರೆ ಚಿತ್ರದ ಗೊಡವೆ ಇಲ್ಲದೆ ಬರಿಯ ಇಂಗ್ಲಿಷ್ ಅಕ್ಷರ ತುಂಬಿದರೆ, ಪುಟಕ್ಕೆ ೨,೦೦೦ದಂತೆ, ೭೦೦ ಪುಟ ಕೂಡುತ್ತಿತ್ತು. ಜಾಗ ಸಣ್ಣದೋ ದೊಡ್ಡದೋ ಎಂಬುದು ಒಳಗೆ ಏನಿಡುತ್ತೀರೆಂಬುದರ ಮೇಲೆ ಹೋಗುತ್ತದೆ. ಎರಡು ಕೋಣೆಯ ಮನೆಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ನಮ್ಮ ತಂದೆಯವರು ಪಿಂಪ್ರಿಯ ಒಂದು ಕಾರಖಾನೆಯ ಸ್ಟೋರ್ಸಿನಲ್ಲಿದ್ದರು. ೧೯೯೬ರಲ್ಲಿ ಅಲ್ಲಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನು ನೌಕರರಿಗೆ ಚಿಲ್ಲರೆ ಬೆಲೆಗೆ ಕೊಟ್ಟುಬಿಟ್ಟರು. ತಂದೆಯವರು ಒಂದನ್ನು ಆಟೋರಿಕ್ಷಾದಲ್ಲಿ, ಮಗುವನ್ನು ಆಸ್ಪತ್ರೆಯಿಂದ ತರುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದರು. ನಮಗೆ ಆಗ ಎಂಟು ವರ್ಷ, ಮೂರನೆಯ ಇಯತ್ತೆ. ತಾಯಿಯವರು ಬಾಗಿಲಲ್ಲೇ ಅದಕ್ಕೆ ಕುಂಕುಮ ಹಚ್ಚಿದರು. ಮಾರನೆಯ ದಿನವೇ ಹಳೆಯ ಇಳಕಲ್ಲ ಸೀರೆಯ ಸೆರಗಿನಿಂದ ಒಂದು ಮುಸುಕನ್ನೂ ಹೊಲಿದರು. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಕೂಡಬೇಕೆಂಬ ನಿಯಮ ಯಾರು ಮಾಡಿದರೋ ತಿಳಿಯದು; ಮನೆಯಲ್ಲೆಲ್ಲ ನಡೆದುಬಂತು.

ಐ.ಬಿ.ಎಂ. ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರು ಅಮೆರಿಕದಲ್ಲಿ ಹೊರಟದ್ದು ೧೯೮೧ರ ಆಗಸ್ಟಿನಲ್ಲಿ. '೨೮೬' ಚಿಪ್ಪಿನ ಅದರ 'ಏಟಿ' ಮಾದರಿ ೧೯೮೪ರಲ್ಲಿ. ನಮ್ಮ ಮನೆ ಸೇರಿದ್ದು ಆ ಮಾದರಿಯ, ಇಲ್ಲಿಯೇ ಜೋಡಿಸಿದ ನಕಲು. ಒಂದು ಮೆಗಾಬೈಟು ಮೆಮೊರಿ. ಅದರಲ್ಲಿಯೂ 'ಡಾಸ್' ಎಂಬ ವ್ಯವಸ್ಥೆ ಕೆಲಸಕ್ಕೆ ಬಿಟ್ಟುಕೊಡುತ್ತಿದ್ದದ್ದು ೬೪೦ ಕಿಲೋಬೈಟು ಮಾತ್ರ. ನಲವತ್ತು ಮೆಗಾಬೈಟಿನ ಡಿಸ್ಕು. ಕರಿಯ ಪರದೆಯ ಮೇಲೆ ಹಸಿರು ಅಕ್ಷರ. ಅಡ್ಡಲಾಗಿ ಎಂಬತ್ತು, ಉದ್ದಕ್ಕೆ ಇಪ್ಪತ್ತೈದು ಸಾಲು. ಬಣ್ಣವಿಲ್ಲ, ಇಲಿಯಿಲ್ಲ. ಗುಂಡಿ ಒತ್ತಿದರೆ ಒಳಗೆ ಕಾಫಿ ಬೀಜ ಹುರಿಯುವಂಥ ಸದ್ದು. ಆಮೇಲೆ 'ಸಿ' ಎಂಬ ಅಕ್ಷರ ಬಂದು ಮಿನುಗುತ್ತ, ನೀವು ಏನಾದರೂ ಹೇಳುವತನಕ ಸುಮ್ಮನೆ ಕಾಯುತ್ತ ನಿಲ್ಲುವುದು. ಅಷ್ಟು ವಿನಯ ಆಮೇಲೆ ಬಂದ ಯಾವ ಯಂತ್ರದಲ್ಲಿಯೂ ನಾವು ಕಾಣಲಿಲ್ಲ.

ನಮ್ಮ ಅಜ್ಜಿ ಮೊದಲ ಸಂಜೆ ಬಂದು, ಪರದೆಯನ್ನು ಬಗ್ಗಿ ನೋಡಿ ಕೇಳಿದ ಪ್ರಶ್ನೆ ಒಂದೇ: "ಇದಕ್ಕ ಕನ್ನಡ ಬರೂದಿಲ್ಲೇನು?"

"ಇಲ್ಲವ್ವಾ, ಇಂಗ್ಲೀಷ ಅಷ್ಟ ಬರ್ತದ" ಎಂದರು ತಂದೆಯವರು.

"ನಾ ಪುಣೇಕ್ಕ ಬಂದು ಆರು ವರ್ಷದಾಗ ಮರಾಠಿ ಕಲತೆ. ಇದು ಇಷ್ಟು ವರ್ಷ ಆಫೀಸಿನ್ಯಾಗ ಕೂತು ಏನ ಮಾಡ್ತು?"

ಅಜ್ಜಿಯ ಪ್ರಶ್ನೆಗೆ ತಂದೆಯವರು ಕೊಡದ ಉತ್ತರವನ್ನು ನಾವಾದರೂ ಕೊಡಬೇಕು. ಆ ಪರದೆಗೆ ಗೊತ್ತಿದ್ದ ಆಕೃತಿಗಳು ಒಟ್ಟು ೨೫೬. ಅವನ್ನೆಲ್ಲ ಒಂದು ಚಿಪ್ಪಿನಲ್ಲಿ ಕೆತ್ತಿ ಕೂರಿಸಿದ್ದರು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಯುರೋಪಿನ ಕೆಲವು ಅಕ್ಷರ, ಗೆರೆ ಡಬ್ಬಿಗಳು ಇಷ್ಟಕ್ಕೆ ಆ ೨೫೬ ಮನೆಗಳು ತುಂಬಿದ್ದುವು. ನಮ್ಮ ೩೪ ವ್ಯಂಜನಗಳ ಕಾಗುಣಿತ ಬರೆಯಹೊರಟರೇ ನಾನೂರು ದಾಟುತ್ತದೆ, ಒತ್ತಕ್ಷರಗಳು ಬೇರೆ. ಎಲ್ಲರೂ ಒಂದೇ ಅಗಲ, ಒಂದೇ ಎತ್ತರದ ಗೂಡಿನಲ್ಲಿ ಇರಬೇಕೆಂಬ ಊರಿನಲ್ಲಿ 'ಸ್ತ್ರೀ' ಎಂಬ ಒಬ್ಬಳೇ ಹೆಣ್ಣುಮಗಳು ಎಲ್ಲಿ ಕಾಲು ಚಾಚಬೇಕು? ಉಪಾಯವೇ ಇರಲಿಲ್ಲವೆಂದಲ್ಲ. ಕಾನಪುರದ ಐ.ಐ.ಟಿ.ಯಲ್ಲಿ ಹುಟ್ಟಿ, ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಎಂಬ ಕಾರ್ಡೊಂದಿತ್ತು. ಅದನ್ನು ಯಂತ್ರದ ಹೊಟ್ಟೆಯೊಳಗೆ ಸಿಕ್ಕಿಸಿದರೆ ಡಾಸಿನ ಪರದೆಯ ಮೇಲೆಯೇ ಕನ್ನಡ, ಮರಾಠಿ, ತಮಿಳು ಎಲ್ಲ ಮೂಡುತ್ತಿದ್ದವು. ಆದರೆ ಯಂತ್ರವನ್ನೇ ಚಿಲ್ಲರೆ ಬೆಲೆಗೆ ತಂದವರು ಕಾರ್ಡು ಕೊಳ್ಳುವುದು ಎಲ್ಲಿ ಬಂತು? ಕನ್ನಡ ಕಲಿಸುವ ಮೇಷ್ಟರು ನಮ್ಮ ಊರಿನಲ್ಲೇ ಇದ್ದರು. ಫೀಜು ಕೊಡುವ ಶಕ್ತಿ ನಮಗಿರಲಿಲ್ಲ.

ಆದ್ದರಿಂದ ತಂದೆಯವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯತೊಡಗಿದರು. 'ವರ್ಡ್‌ಸ್ಟಾರ್' ಎಂಬುದೊಂದು ಬರೆಯುವ ಸಾಧನ, ೧೯೭೮ರಷ್ಟು ಹಳೆಯದು, ಯಂತ್ರದ ಜೊತೆಗೇ ಬಂದಿತ್ತು. ಹಸಿರು ಪರದೆಯ ಮೇಲೆ ಸಣ್ಣ ಅಕ್ಷರ ಅವರ ಕಣ್ಣಿಗೆ ಹಿಡಿಸುತ್ತಿರಲಿಲ್ಲವಾಗಿ ಎಲ್ಲವೂ ಕ್ಯಾಪಿಟಲ್ ಅಕ್ಷರದಲ್ಲೇ. ಇದರ ಫಲ ಸಂಘಕ್ಕೆ ಬೇಗನೇ ತಿಳಿಯಿತು. ೧೯೯೭ರ ಸಂಕ್ರಾಂತಿಯ ಅರಿಸಿನ-ಕುಂಕುಮಕ್ಕೆ ತರಬೇಕಾದ ಸಾಮಾನಿನ ಯಾದಿಯನ್ನು ತಂದೆಯವರು ಹೊಸ ಉತ್ಸಾಹದಲ್ಲಿ ಯಂತ್ರದಲ್ಲೇ ಹೊಡೆದು, ಕರ್ ಕರ್ ಎನ್ನುವ ಪ್ರಿಂಟರಿನಲ್ಲಿ ಅಚ್ಚು ಮಾಡಿ ಕೊಟ್ಟರು. ಅದರಲ್ಲಿ ಬಿ-ಎ-ಎಲ್-ಇ ಎಂದು ಬರೆದು ಮುಂದೆ ೨೦೦ ಎಂದಿತ್ತು. ವಾಚಕರು ಈ ನಾಲ್ಕು ಅಕ್ಷರಗಳನ್ನು ಒಮ್ಮೆ ಓದಿ ನೋಡಬೇಕು. ಬಲೆ, ಬಳೆ, ಬಾಲೆ, ಬಾಳೆ! ಸುಮಂಗಲಿಯರಿಗೆ ಕೊಡಲು ಬೇಕಾದದ್ದು ಬಳೆ. ಯಾದಿ ಹಿಡಿದು ಮಂಡಈಗೆ ಹೋದ ತರುಣರು ಹದಿನೇಳು ಡಜನ್ ಬಾಳೆಹಣ್ಣಿನೊಡನೆ ಹಿಂತಿರುಗಿದರು. ಬಲೆ ತರಲಿಲ್ಲವಲ್ಲ, ಅದೇ ಪುಣ್ಯ ಎಂದು ಅಧ್ಯಕ್ಷರು ಹೇಳಿದ್ದು ಸಂಘದ ಹಿರಿಯರಿಗೆ ಇನ್ನೂ ನೆನಪಿರಬಹುದು. ಆ ಸಂಕ್ರಾಂತಿಗೆ ಎಲ್ಲರಿಗೂ ಎಳ್ಳು-ಬೆಲ್ಲದೊಡನೆ ಬಾಳೆಹಣ್ಣು.

ಆಗ ನಕ್ಕೆವು. ಆ ಎರಡು ಲಕಾರಗಳು ಮುಂದೆ ನಮ್ಮನ್ನು ಹೀಗೆ ಹಿಡಿದು ಕೂರಿಸುತ್ತವೆಂದು ಯಾರು ಕಂಡಿದ್ದರು?

ಅಜ್ಜಿಗೆ ಬೀಸುವ ಪದಗಳು ಬರುತ್ತಿದ್ದುವು. ಅವರ ತವರು ಹಳಿಯಾಳದ ಕಡೆಯ ಒಂದು ಹಳ್ಳಿ; ಕೊಟ್ಟ ಮನೆ ಧಾರವಾಡದ ಮೂಡಲಿಗೆ, ಎರೆ ಹೊಲದ ಸೀಮೆಯಲ್ಲಿ. ಪುಣೆಯಲ್ಲಿ ಬೀಸುವ ಕಲ್ಲು ಎಲ್ಲಿಂದ ಬರಬೇಕು? ಕೆಳಗಿನ ಗಿರಣಿಯಲ್ಲಿ ಹಿಟ್ಟಾಗುತ್ತಿತ್ತು. ಪದಗಳು ಅಜ್ಜಿಯ ಬಾಯಲ್ಲಿ ಕೆಲಸವಿಲ್ಲದೆ ಕೂತಿದ್ದುವು. ಅವನ್ನು ಬರೆದಿಡಬೇಕೆಂಬುದು ತಂದೆಯವರ ಬಹುದಿನದ ಆಸೆ. ಹಲಸಂಗಿಯ ಗೆಳೆಯರು ಕೂಡಿಸಿ ೧೯೩೧ರಲ್ಲಿ ಹೊರತಂದ 'ಗರತಿಯ ಹಾಡು' ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಅದರಲ್ಲಿ ಬಂದದ್ದನ್ನು ಮತ್ತೆ ಹೊಡೆಯುವುದಿಲ್ಲವೆಂಬ ಹಟ. ಹೀಗೆ ೧೯೯೭ರ ಬೇಸಗೆಯಿಂದ ರಾತ್ರಿ ಊಟವಾದ ಮೇಲೆ ಅಜ್ಜಿ ಯಂತ್ರದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂಡುವುದು, ತಂದೆಯವರು ಎರಡು ಬೆರಳಿನಲ್ಲಿ ಹೊಡೆಯುವುದು.

ಕೈ ಸುಮ್ಮನಿದ್ದರೆ ಅಜ್ಜಿಗೆ ಪದ ಬರುತ್ತಿರಲಿಲ್ಲ. ಬಲಗೈಯನ್ನು ನೆಲದ ಮೇಲೆ ಗುಂಡಗೆ ತಿರುವುತ್ತ, ಇಲ್ಲದ ಕಲ್ಲಿನ ಇಲ್ಲದ ಗೂಟವನ್ನು ಹಿಡಿದು ಹಾಡುತ್ತಿದ್ದರು. ನಡುನಡುವೆ ತಂದೆಯವರದು, "ತಡಿ ಅವ್ವಾ, ತಡಿ, ಇನ್ನೂ ಹೊಡೀಲಿಕ್ಕತ್ತೀನಿ." ತಡೆದರೆ ಕೈ ನಿಲ್ಲುವುದು, ಕೈ ನಿಂತರೆ ಪದ ಹೋಗುವುದು, ಮತ್ತೆ ಮೊದಲಿನಿಂದ.

ಒಂದು ರಾತ್ರಿ ಹೀಗೆ ಮುಕ್ಕಾಲು ಗಂಟೆ ಹೊಡೆದಾದ ಮೇಲೆ ಕರೆಂಟು ಹೋಯಿತು. ಕಂಟ್ರೋಲ್ ಗುಂಡಿಯೊಡನೆ ಕೆ, ಆಮೇಲೆ ಎಸ್ ಒತ್ತದ ಹೊರತು ಬರೆದದ್ದು ಉಳಿಯುತ್ತಿರಲಿಲ್ಲ. ಹಾಡು ಕೇಳುವ ಭರದಲ್ಲಿ ತಂದೆಯವರು ಮರೆತಿದ್ದರು. ಕಂದೀಲು ಹಚ್ಚಿ, ಕರೆಂಟು ಬಂದ ಮೇಲೆ ಮತ್ತೆ ಕೂತರು. ಅಜ್ಜಿ ಹಾಡಿದರು, ಆದರೆ ಎರಡನೆಯ ಸಾಲು ಬೇರೆ ಬಂತು.

"ಮೊದಲ ಹಾಂಗ ಹಾಡಿರಲಿಲ್ಲವ್ವಾ."

"ಜ್ವಾಳ ಬೀಸುವಾಗ ಒಂದು ನಮೂನಿ, ಗೋದಿ ಬೀಸುವಾಗ ಒಂದು ನಮೂನಿ. ಹಾಡೂ ನಿನ್ನ ಆಫೀಸಿನ ಫೈಲ ಏನಪಾ, ಇಟ್ಟಲ್ಲೇ ಇರಲಿಕ್ಕೆ?"

ಅಜ್ಜಿಗೆ ನಮ್ಮ ಕಚೇರಿಯ ಫೈಲುಗಳ ಪರಿಚಯವಿರಲಿಲ್ಲ. ಇರಲಿ.

ಆ ಕಾಲದ ಯಂತ್ರ ಫೈಲಿನ ಹೆಸರಿಗೆ ಎಂಟು ಅಕ್ಷರ ಕೊಡುತ್ತಿತ್ತು. ಒಂದು ಚುಕ್ಕೆಯ ಆಚೆಗೆ ಇನ್ನು ಮೂರು. 'ಅವ್ವನ ಪದ' ಎಂದು ಹೆಸರಿಡಬೇಕೆಂದು ತಂದೆಯವರು ಎಣಿಸಿ ನೋಡಿದರೆ ಇಂಗ್ಲಿಷಿನಲ್ಲಿ ಹತ್ತಾಯಿತು. ನಕಾರವನ್ನು ಕೈಬಿಟ್ಟು 'ಅವ್ವಪದ' ಎಂದರೆ ಸರಿಯಾಗಿ ಎಂಟು. ಮುಂದೆ ಫೈಲುಗಳು ಹೆಚ್ಚಾಗಿ ಅಂಕಿ ಹಾಕಬೇಕಾದಾಗ ಕೊನೆಯ ಅಕಾರವೂ ಹೋಯಿತು: ಅವ್ವಪದ್-೧, ಅವ್ವಪದ್-೨, ಹೀಗೆ.

ಈಗ ನಮ್ಮ ಬಾಕಿಯ ವಿಷಯ. ಅದೇ ವರ್ಷದ ದೀಪಾವಳಿ ರಜೆ. ನಮ್ಮ ವರ್ಗದ ಹುಡುಗನೊಬ್ಬನ ಅಣ್ಣ ಒಂದು ಫ್ಲಾಪಿ ಕೊಟ್ಟ; ಅದರಲ್ಲಿ 'ಪ್ರಿನ್ಸ್ ಆಫ್ ಪರ್ಶಿಯಾ' ಎಂಬ ಆಟ. ರಾಜಕುಮಾರನೊಬ್ಬ ಒಂದು ಗಂಟೆಯೊಳಗೆ ನೆಲಮಾಳಿಗೆಯಿಂದ ಹತ್ತಿ ಹೋಗಿ ರಾಜಕುಮಾರಿಯನ್ನು ಬಿಡಿಸಬೇಕು. ನಮ್ಮ ಹಸಿರು ಪರದೆಯ ಮೇಲೂ ಅದು ಓಡುತ್ತದೆಂದು ಅವನು ಆಣೆ ಮಾಡಿದ್ದ. ತಂದೆಯವರು ಕಾರಖಾನೆಗೆ ಹೋದ ಹೊತ್ತು ನೋಡಿ, ಮುಸುಕು ತೆಗೆದು, ಆಟವನ್ನು ಡಿಸ್ಕಿಗೆ ಇಳಿಸಹೊರಟರೆ ಜಾಗವಿಲ್ಲವೆಂದು ಯಂತ್ರ ನಿರಾಕರಿಸಿತು. ನಲವತ್ತು ಮೆಗಾಬೈಟಿನ ಡಿಸ್ಕಿನ ತುಂಬ ಕಾರಖಾನೆಯ ಹಳೆಯ ಲೆಕ್ಕಗಳೇ. ನಟ್ಟು, ಬೋಲ್ಟು, ವಾಶರು. ಯಾವುದನ್ನು ತೆಗೆಯಬೇಕು?

ವರ್ಡ್‌ಸ್ಟಾರ್ ಪ್ರತಿ ಫೈಲಿಗೂ ಹಿಂದಿನ ಪ್ರತಿಯೊಂದನ್ನು ಚುಕ್ಕೆಯ ಆಚೆಗೆ 'ಬ್ಯಾಕ್' ಎಂಬ ಮೂರಕ್ಷರ ಹಚ್ಚಿ ಇಡುತ್ತಿತ್ತು. ಅವನ್ನು ಅಳಿಸಿದರೆ ದೋಷವಿಲ್ಲವೆಂದು ತಂದೆಯವರೇ ಒಮ್ಮೆ ಹೇಳಿದ್ದರು. ನಾವು ಜಾಣರು, ಆ ಮೂರಕ್ಷರ ಹೊಡೆಯಲು ಬೇಸರಪಟ್ಟು ಅದರ ಬದಲು ನಕ್ಷತ್ರದ ಗುರುತು ಹಾಕಿದೆವು. ನಕ್ಷತ್ರವೆಂದರೆ 'ಏನಿದ್ದರೂ ಸರಿ' ಎಂದರ್ಥ. ಇಡೀ ಡಿಸ್ಕನ್ನೇ ಅಳಿಸು ಎಂದರೆ ಡಾಸ್ ಒಂದು ಮಾತು ಕೇಳುತ್ತಿತ್ತು. ಒಂದು ಹೆಸರಿನ ಎದುರು ನಕ್ಷತ್ರ ಹಾಕಿದರೆ ಕೇಳುತ್ತಲೂ ಇರಲಿಲ್ಲ. ಅವ್ವಪದ್-೪ರ ಹಿಂದಿನ ಪ್ರತಿಯೂ ಹೋಯಿತು, ಅವ್ವಪದ್-೪ ಕೂಡ ಹೋಯಿತು. ಎರಡೂ ಸೇರಿ ಇಪ್ಪತ್ತು ಕಿಲೋಬೈಟೂ ಇರಲಿಕ್ಕಿಲ್ಲ, ಜಾಗವೇನೂ ಆಗಲಿಲ್ಲ. ಆಮೇಲ್ಯಾವುದೋ ವಾಶರಿನ ಲೆಕ್ಕ ಅಳಿಸಿದ ಮೇಲೆಯೇ ಆಟ ಇಳಿದದ್ದು. ಅಳಿಸಿದ್ದನ್ನು ಕೂಡಲೆ ಹಿಂದಕ್ಕೆ ತರುವ ಉಪಾಯ ಡಾಸಿನಲ್ಲಿ ಉಂಟೆಂದು ಮುಂದೆ ಎಷ್ಟೋ ವರ್ಷಕ್ಕೆ ತಿಳಿಯಿತು. ಆದರೆ ಆ ಜಾಗದ ಮೇಲೆ ಬೇರೇನನ್ನೂ ಬರೆದಿರಬಾರದು. ನಾವು ಬರೆದಿದ್ದೆವು. ರಾಜಕುಮಾರ ಅಲ್ಲಿ ಓಡಾಡುತ್ತಿದ್ದ.

ಎಂಟು ದಿನದ ಮೇಲೆ ತಂದೆಯವರು, "ನಾಲ್ಕನೇದು ಎಲ್ಲಿ ಹೋತು?" ಎಂದು ತಮಗೆ ತಾವೇ ಎಂಬಂತೆ ಕೇಳಿದರು. ಆಮೇಲೆ ನಮ್ಮ ಕಡೆ ನೋಡಿದರು. ನಮಗೆ ಗೊತ್ತಿಲ್ಲ ಎಂದೆವು. ಅವರು ಡಿಸ್ಕಿನ ಮೇಲೆ ಸಂಶಯಪಟ್ಟರು. ಸೆಕೆಂಡ್ ಹ್ಯಾಂಡ್ ಮಾಲು, ಹೀಗೆಯೇ ಎಂದರು. ನಾವು ಬಾಯಿ ಬಿಡಲಿಲ್ಲ.

೨೦೦೧ರಲ್ಲಿ ವಿಂಡೋಸ್ ೯೮ರ ಬಣ್ಣದ ಯಂತ್ರ ಬಂತು. ಹಳೆಯದು ಕಡೆಗೂ ರದ್ದಿಗೆ ಹೋಯಿತು. ಉಳಿದ ಐದು ಫೈಲುಗಳನ್ನು ತಂದೆಯವರು ಮೂರೂವರೆ ಇಂಚಿನ ಫ್ಲಾಪಿಗಳಿಗೆ ಇಳಿಸಿಕೊಂಡರು. ಅಷ್ಟರಲ್ಲಿ ಕನ್ನಡವೂ ಬಂದಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ಹೊರತಂದ 'ಬರಹ'ವನ್ನು ಸೈಬರ್ ಕೆಫೆಯಿಂದ ಫ್ಲಾಪಿಗಳಲ್ಲಿ ಹೊತ್ತು ತಂದೆವು. ಒಂದು ಫ್ಲಾಪಿ ದಾರಿಯಲ್ಲೇ ಕೆಟ್ಟು ಎರಡು ಸಲ ಅಲೆದೆವು. ಇಂಗ್ಲಿಷ್ ಕೀಲಿಗಳಲ್ಲಿ ಉಚ್ಚಾರದಂತೆ ಹೊಡೆದರೆ ಪರದೆಯ ಮೇಲೆ ಕನ್ನಡ ಮೂಡುವುದು. ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ತಂದೆಯವರು ತಮ್ಮ ಅಭ್ಯಾಸದಂತೆ ಕ್ಯಾಪಿಟಲ್ ಕೀಲಿ ಒತ್ತಿಟ್ಟೇ ಮೊದಲು ಹೊಡೆದ ಪದ 'ಬಳೆ'. ಬಂದದ್ದು 'ಭಾಳೇ'. ಅಜ್ಜಿಗೆ ಓದು ಬರುತ್ತಿರಲಿಲ್ಲ, ನಾವು ಓದಿ ಹೇಳಿದಾಗ, "ಆತೇಳು, ಇದಕ್ಕೂ ಬಾಯಿ ಬಂತು, ಭಾಳೇ ಬಂತು" ಎಂದು ನಕ್ಕರು.

ಆಗ ಅವರಿಗೆ ಕೈ ತಿರುವುವ ಶಕ್ತಿ ಕಡಿಮೆಯಾಗಿತ್ತು. ಹದಿನೇಳು ಪದ ಹೇಳಿದರು. ನಾಲ್ಕನೆಯ ಫೈಲಿನಲ್ಲಿದ್ದವನ್ನು ಮತ್ತೆ ಹೇಳೆಂದು ತಂದೆಯವರು ಕೇಳಿದರೆ, ಅದರಲ್ಲಿ ಏನಿದ್ದವೆಂಬುದೇ ಇಬ್ಬರಿಗೂ ನೆನಪಿರಲಿಲ್ಲ. ೨೦೦೩ರಲ್ಲಿ ಅಜ್ಜಿ ಹೋದರು. ಸೋನಿ ಕಂಪನಿಯು ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ೨೦೧೧ರ ಮಾರ್ಚಿಗೆ ನಿಲ್ಲಿಸಿತು. ಅದೇ ವರ್ಷ ತಂದೆಯವರೂ ಹೋದರು. ಡಬ್ಬಿ ಅಟ್ಟ ಸೇರಿತು.

ಇಷ್ಟಾದ ಮೇಲೆ ಈ ದೀಪಾವಳಿ. ಯು.ಎಸ್.ಬಿ. ತಂತಿಯಿಂದ ಜೋಡಿಸುವ ಫ್ಲಾಪಿ ಡ್ರೈವು ಆನ್‌ಲೈನಿನಲ್ಲಿ ಈಗಲೂ ಸಿಗುತ್ತದೆ; ತರಿಸಿದೆವು. ಹನ್ನೊಂದರಲ್ಲಿ ಮೂರು ಬರಿಯ ಗೊರಗೊರ ಎಂದುವು, ಬೂಷ್ಟು ತಿಂದಿತ್ತು. ಎಂಟು ಓದಿದುವು. ಐದೂ ಅವ್ವಪದಗಳು ಇದ್ದುವು, 'ಬರಹ'ದ ಹದಿನೇಳೂ ಇದ್ದುವು. ಇದ್ದುವೆಂದರೆ ಹೆಸರಿಗೆ ಇದ್ದುವು. ತೆರೆದು ನೋಡಿದರೆ ಬೇರೆಯೇ ಲಿಪಿ.

'ಬರಹ'ದ್ದು ಬೇಗ ತಿಳಿಯಿತು. ಆ ಕಾಲದ ಕನ್ನಡ ಫಾಂಟುಗಳು ನಮ್ಮ ಹಾಗೆಯೇ ಬಾಡಿಗೆ ಮನೆಯವರು. ಕನ್ನಡಕ್ಕೆಂದು ಬೇರೆ ಮನೆಗಳಿಲ್ಲವಾಗಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲೇ ನಮ್ಮ ಅಕ್ಷರದ ಚೂರುಗಳನ್ನು ಕೂರಿಸಿದ್ದರು. ಫಾಂಟು ಇದ್ದರೆ ಒಳಗಿನವರು ಕಾಣುತ್ತಾರೆ. ಇಲ್ಲದಿದ್ದರೆ ಬಾಗಿಲ ಮೇಲಿನ ಮನೆಯೊಡೆಯರ ಹೆಸರು ಮಾತ್ರ. 'ಕನ್ನಡ' ಎಂದು ಬರೆದದ್ದು ಹೀಗೆ ಕಾಣುತ್ತಿತ್ತು: ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಓರೆ ಗೆರೆ ಎಳೆದ 'ಎ', ಆಮೇಲೆ ಇಂಗ್ಲೆಂಡಿನ ಪೌಂಡಿನ ಗುರುತು. ನಕಾರ ವಾಸವಾಗಿದ್ದದ್ದು ಪೌಂಡಿನ ಮನೆಯಲ್ಲಿ! ಮೊದಲು ನೋಡಿದಾಗ ಯಾರದೋ ಜಮಾಖರ್ಚೆಂದೇ ಎಣಿಸಿದೆವು. ಇವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಈಗ ಬೇಕಾದಷ್ಟು ಇವೆ. ಹದಿನೇಳು ಪದಗಳೂ ಒಂದು ನಿಮಿಷದಲ್ಲಿ ಕನ್ನಡವಾದುವು. ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಮನೆಗಳಿವೆ. ಲಕಾರದ್ದು ೩೨೫೦ನೆಯದು, ಳಕಾರದ್ದು ೩೨೫೧. ಪಕ್ಕಪಕ್ಕದವರೇ, ಬಾಗಿಲು ಮಾತ್ರ ಬೇರೆ.

ವರ್ಡ್‌ಸ್ಟಾರಿನದು ವಿಚಿತ್ರ. ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ಕೆಟ್ಟಿತ್ತು. 'ಎ' ಇರಬೇಕಾದಲ್ಲಿ ನೆತ್ತಿಯ ಮೇಲೆ ಗೆರೆ ಎಳೆದ 'ಎ', 'ಐ' ಇರಬೇಕಾದಲ್ಲಿ ಗೆರೆ ಎಳೆದ 'ಇ'. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ಟು ಸಾಕು, ಎಂಟನೆಯದು ಖಾಲಿ. ಸಾಲಿನ ಅಂಚನ್ನು ಸಮಮಾಡಲು ಪದ ಎಲ್ಲಿ ಮುಗಿಯಿತೆಂದು ಗುರುತಿಡಬೇಕಾದಾಗ ವರ್ಡ್‌ಸ್ಟಾರ್ ಮಾಡಿದವರು ಆ ಖಾಲಿ ಬಿಟ್ಟನ್ನೇ ಗಂಟು ಹಾಕಿಕೊಂಡಿದ್ದರು. ಜಾಗದ ಬಡತನದಲ್ಲಿ ಮಾಡಿದ ಜಾಣತನ. ಆದರೆ ವಿಭಕ್ತಿಯೆಲ್ಲ ಪದದ ಕೊನೆಗೇ ಬರುವ ನಮ್ಮ ಭಾಷೆಗೆ ಅಲ್ಲಿಯೇ ಪೆಟ್ಟು. ಆ ಅಕ್ಷರಗಳ ಸಂಖ್ಯೆಯಿಂದ ೧೨೮ ಕಳೆದರೆ ಗಂಟು ಬಿಚ್ಚಿಕೊಳ್ಳುತ್ತದೆ. ಕಚೇರಿಯಲ್ಲಿ ಕಳೆಯುವ ಕೆಲಸವನ್ನೇ ಮಾಡಿಕೊಂಡು ಬಂದವರು. ಒಂದು ಭಾನುವಾರದಲ್ಲಿ ಮುಗಿಸಿದೆವು.

ಆದರೂ ಉಳಿಯಿತು ಲಕಾರ. ಸಂಜೆ ತಾಯಿಯವರು ಬಟಾಣಿ ಸುಲಿಯುತ್ತ ಕೂತಿದ್ದಾಗ ಕಾಗದ ಹಿಡಿದು ಪಕ್ಕದಲ್ಲಿ ಕೂತೆವು. ಕೆ-ಎ-ಎಲ್-ಯು: ಕಾಲೋ, ಕಾಳೋ?

"ಬೀಸೂ ಹಾಡಿನ್ಯಾಗ ಕಾಲು ಯಾಕ ಬರ್ತದ? ಕಾಳು" ಎಂದರು.

ಕೆ-ಎ-ಎಲ್-ಎಲ್-ಯು?

"ಕಲ್ಲು. ಕಳ್ಳು ಅಂತ ಬರದೀಯ ಮತ್ತ; ನಿಮ್ಮಜ್ಜಿ ಎದ್ದು ಬಂದಾಳು."

ಹೀಗೆ ಐದು ಸಂಜೆ. ಅತ್ತೆ ಹಾಡುವುದನ್ನು ಅವರು ಪಾತ್ರೆ ತೊಳೆಯುತ್ತ ಒಳಗಿನಿಂದ ಕೇಳಿದವರು. ಪದಗಳು ಬಾಯಿಪಾಠವಿರಲಿಲ್ಲ, ಧಾಟಿ ಇತ್ತು. ಎಲ್ಲಿ ಸಂಶಯ ಬಂದರೂ ಬಟಾಣಿಯ ತಟ್ಟೆ ಬದಿಗಿಟ್ಟು, ಬಲಗೈಯನ್ನು ನೆಲದ ಮೇಲೆ ಗುಂಡಗೆ ತಿರುವಿ ನೋಡುತ್ತಿದ್ದರು. ನಮ್ಮ ಮಗಳು ಎದುರಿಗೆ ಕೂತು ತಾನೂ ತಿರುವುತ್ತಿದ್ದಳು.

ಎರಡನೆಯ ಫೈಲಿನ ಒಂದು ಪದದಲ್ಲಿ ಸಿಕ್ಕಿಬಿದ್ದೆವು. ತವರಿನಿಂದ ಅಣ್ಣ ಕರೆಯಲು ಬರುತ್ತಾನೆ. ಅಲ್ಲಿ ಎಂ-ಎ-ಎಲ್-ಐ ಎಂದಿದೆ. ನಮ್ಮ ಕಡೆ ಮಳೆಗೆ ಮಳಿ ಎನ್ನುವುದು ವಾಚಕರಿಗೆ ಗೊತ್ತು. ಅಣ್ಣ ಮಳಿಯಲ್ಲಿ ಬಂದನೆ? ಮಲಿ, ಎಂದರೆ ಗುಡ್ಡ, ದಾಟಿ ಬಂದನೆ? ತಂಗಿಗೆ ಮಾಲಿ ಹಿಡಿದು ಬಂದನೆ? ತಾಯಿಯವರು ಕೈ ತಿರುವಿ, "ಮಾಲಿ ಅಲ್ಲ, ಮಾ ಅಂದ್ರ ಕೈ ಒಂದು ಸುತ್ತು ಹಿಂದ ಬೀಳ್ತದ" ಎಂದು ಒಂದನ್ನು ತೆಗೆದುಹಾಕಿದರು. ಉಳಿದದ್ದು ಎರಡು. "ಇಲ್ಲಿ ಎರಿ ಹೊಲದಾಗ ಮಲಿ ಎಲ್ಲೀದು, ಮಳೀನ ಇರಬೇಕು" ಎಂದು ಮೊದಲು ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅವರ ತವರಮನಿ ಹಳಿಯಾಳದ ಕಡೆ. ಅಲ್ಲಿ ಮಲಿನೂ ಅದ, ಮಳಿನೂ ಅದ" ಎಂದು ಸುಮ್ಮನಾದರು. ಒಂದು ಕೀಲಿ ಒತ್ತಿಡದೆ ಇದ್ದಿದ್ದರೆ ತಿಳಿಯುತ್ತಿತ್ತು. ನಾವು ಮಳಿ ಎಂದು ಬರೆದು, ಕೆಳಗೆ ಮಲಿ ಎಂದೂ ಬರೆದಿದ್ದೇವೆ.

ಕೊನೆಯ ಸಂಜೆ ತಾಯಿಯವರೇ ಕೇಳಿದರು, "ಮೂರರ ಮುಂದ ಐದು ಹೆಂಗ ಬಂತು?"

ಸುಮಾರು ಮೂವತ್ತು ವರ್ಷದ ಮಾತು, ಹೇಳಿಬಿಟ್ಟೆವು. ಆಟ, ನಕ್ಷತ್ರದ ಗುರುತು, ಗೊತ್ತಿಲ್ಲ ಎಂದು ತಂದೆಯವರಿಗೆ ಹೇಳಿದ್ದು, ಎಲ್ಲ. ಅವರು ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆ ಆಟರೇ ಮುಗಿಸಿದ್ದೇನು ಕಡೀಕ?"

"ಇಲ್ಲ. ಮೂರನೇ ಹಂತದಾಗ ಒಂದು ಅಸ್ಥಿಪಂಜರ ಎದ್ದು ಬರ್ತದ. ಕತ್ತೀಲೆ ಹೊಡದ್ರ ಸಾಯೂದಿಲ್ಲ."

"ಹೂಂ" ಎಂದರು. ಆಮೇಲೆ ಒಂದಿಷ್ಟು ಹೊತ್ತಿಗೆ, "ಆ ಲಕೋಟೀ ಒಳಗಿನ್ವು ನೋಡಿದೇನು?"

ನೋಡಿಲ್ಲ; ನೋಡುವ ಬಗೆ ತಿಳಿಯುತ್ತಿಲ್ಲ. ಐದೂಕಾಲು ಇಂಚಿನ ಆ ಎರಡು ಫ್ಲಾಪಿಗಳ ಮೇಲೆ ತಂದೆಯವರ ಅಕ್ಷರದಲ್ಲಿ 'ಅವ್ವಪದ, ಪ್ರತಿ' ಎಂದೂ, 'ಆಗಸ್ಟ್ ೧೯೯೭' ಎಂದೂ ಬರೆದಿದೆ. ನಾವು ಅಳಿಸಿದ್ದು ಅದೇ ವರ್ಷದ ದೀಪಾವಳಿಗೆ. ಆಗಸ್ಟಿನೊಳಗೆ ನಾಲ್ಕನೆಯ ಫೈಲು ಹೊಡೆದಾಗಿತ್ತೇ, ಇರಲಿಲ್ಲವೇ? ಅದನ್ನು ಆ ಬಿಲ್ಲೆಗಳೇ ಹೇಳಬೇಕು. ಅವಕ್ಕೂ ಬೂಷ್ಟು ಹತ್ತಿಲ್ಲದಿದ್ದರೆ. ಅಂಗಡಿಯಲ್ಲಿ ಸಿಗುವ ಯು.ಎಸ್.ಬಿ. ಡ್ರೈವುಗಳೆಲ್ಲ ಮೂರೂವರೆ ಇಂಚಿನವು. ಐದೂಕಾಲು ಇಂಚಿನ ಹಳೆಯ ಡ್ರೈವೇ ಬೇಕು, ಅದನ್ನು ನಡೆಸುವ ಹಳೆಯ ಯಂತ್ರವೂ ಬೇಕು.

ಆದ್ದರಿಂದ ಪುಣೆ, ಮುಂಬಯಿ, ಸೊಲ್ಲಾಪುರಗಳ ನಮ್ಮ ಬಂಧುಗಳಲ್ಲಿ ಒಂದು ಬಿನ್ನಹ. ಯಾರದಾದರೂ ಅಟ್ಟದ ಮೇಲೆ, ಮಂಚದ ಕೆಳಗೆ, ಊರಿಗೆ ಹೋದ ಮಾವನವರ ಕೋಣೆಯಲ್ಲಿ, ೨೮೬ ಅಥವಾ ೩೮೬ರ ಯಂತ್ರ ಅಗಲ ಬಾಯಿಯ ಫ್ಲಾಪಿ ಡ್ರೈವಿನೊಡನೆ ಇನ್ನೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಸಂಪಾದಕರಿಗೊಂದು ಕಾರ್ಡು ಬರೆಯಿರಿ. ಮುಸುಕು ಹಾಕಿದ್ದಿರಲಿ, ಧೂಳು ಹಿಡಿದದ್ದಿರಲಿ, ನಾವೇ ಬಂದು ನೋಡುತ್ತೇವೆ. ಯಂತ್ರ ಓದಿದರೂ ಓದದಿದ್ದರೂ ನಿಮ್ಮ ಮನೆಯವರಿಗೆಲ್ಲ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಜೋಳದ ರೊಟ್ಟಿ ಊಟ. ಬಾಳೆಹಣ್ಣು ನಾವೇ ತರುತ್ತೇವೆ.